ಮೈಕ್ ಷಡಕ್ಷರಿಯವರ ಪೆನ್‌ಡ್ರೈವ್

ಮಾತಿನ ನಡುವೆ ಕಿತ್ತರಂತೆ,
ಆಟೋದ ಆಂಪ್ಲಿಫೈಯರಿನಿಂದ, ದೀಪ ಮಿಣುಕುತ್ತಿದ್ದಾಗಲೇ.
ಹಿಂದೆ ಕೊಬ್ಬರಿ ಲಾರಿ ಹಾರನ್ ಹೊಡೀತಿತ್ತು ಅಕ್ಕಾ,
ಗಾಬರಿಯಾಯ್ತು, ಎಂದ ಇಲಿಯಾಸ್, ಆಟೋ ಓಡಿಸುವವನು.
ಪೆನ್‌ಡ್ರೈವಿನ ಯಜಮಾನರು ಪಕ್ಕದಲ್ಲಿ ನಿಂತು
ಹೌದೆಂದು ತಲೆಯಾಡಿಸಿದರು.
ಕುತ್ತಿಗೆಗೆ ಬಿಳಿ ಕರ್ಚೀಫು, ಅದರ ಕೆಳಗೆ
ಒಂದು ರೂಪಾಯಿ ನಾಣ್ಯದಷ್ಟು ತೂತು.

ಮೈಕ್ ಷಡಕ್ಷರಿ.
ಅರಸೀಕೆರೆಯಲ್ಲಿ ಯಾರಿಗೆ ಗೊತ್ತಿಲ್ಲ?
ಹೆಸರಿನಲ್ಲೇ ಆರು ಅಕ್ಷರ ಇಟ್ಟುಕೊಂಡ ಮನುಷ್ಯ,
ಗಂಟಲಲ್ಲಿ ಈಗ ಒಂದೂ ಇಲ್ಲ.
ಮಗಳ ಹಳೇ ಸ್ಲೇಟಿನ ಮೇಲೆ ಬರೆದರು:
'ಎಷ್ಟಾಗುತ್ತೆ?'
ಮುನ್ನೂರು ಅಂದೆ.
ಒರೆಸದೆ ಅದರ ಕೆಳಗೇ ಬರೆದರು: 'ಇನ್ನೂರು.'

ಚುಚ್ಚಿದೆ. ಕಂಪ್ಯೂಟರು ಎಂದಿನಂತೆ
ಬಲು ವಿನಯದಿಂದ ಕೇಳಿತು,
ಫಾರ್ಮ್ಯಾಟ್ ಮಾಡಲೇ?
ಮನೆ ಖಾಲಿ ಮಾಡಿಸಲು ಬಂದವರು
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ವಿನಯ ಅದು.
ಬೇಡ ಒತ್ತಿದೆ.

ಆಮೇಲೆ ಕೆಲಸವೆಂದರೆ ಕಾಯುವುದು.
ಇಡೀ ಡ್ರೈವನ್ನು ಮೊದಲು ಹಾಗ್ಹಾಗೇ ನಕಲು ಇಳಿಸಬೇಕು.
ಸತ್ತ ಜಾಗ ಬಂದರೆ ಬಿಟ್ಟು ಮುಂದಕ್ಕೆ,
ಮತ್ತೆ ಹಿಂದೆ ಬಂದು ತಟ್ಟಿ,
ಕದ ತೆಗೆಯದ ಮನೆಗೆ ಹಾಲಿನವನು ಎರಡನೇ ಸಲ ಹೋದಂತೆ.
ಹುಬ್ಬಳ್ಳಿ ಗಾಡಿ ಬಂತು, ಹೋಯಿತು.
ಸ್ಟೇಷನ್ನಿನ ಹೆಣ್ಣು ದನಿ ಮೂರು ಭಾಷೆಯಲ್ಲಿ ಕ್ಷಮೆ ಕೇಳಿತು.
ಷಡಕ್ಷರಿ ಕಿವಿಗೊಟ್ಟು, ಮುಖ ಕಿವುಚಿದರು,
ಕಸುಬಿನವರು ಕಸುಬಿನವರನ್ನು ಕೇಳುವ ರೀತಿ.

ರಾತ್ರಿ ಎಂಟಕ್ಕೆ ನಲವತ್ತೊಂದು ಫೈಲು ಸಿಕ್ಕವು.
ಹೆಸರು ಸಿಗಲಿಲ್ಲ. ತಾರೀಖೂ ಇಲ್ಲ.
ಹೆಸರು ಬೇರೆ ಕಡೆ ಇರುತ್ತೆ ಸಾರ್, ಅಂದೆ,
ಪಹಣಿ ತಾಲ್ಲೂಕು ಆಫೀಸಲ್ಲಿ, ಹೊಲ ಊರಲ್ಲಿ ಇದ್ದ ಹಾಗೆ.
ಸುಟ್ಟಿರೋದು ಪಹಣಿ. ಹೊಲ ಅಲ್ಲೇ ಇದೆ.
ಒಂದೊಂದೇ ಕೇಳಿ ಗುರುತು ಹಿಡಿಯಬೇಕು.

ಕೇಳಿದೆವು.
ಅಂಗಡಿ ತುಂಬ ಅವರ ಗಂಟಲು,
ಅಂಗಡಿಯ ಮಧ್ಯೆ ಅವರು.
'ನಾಳೆ ಮತ್ತು ನಾಡಿದ್ದು ನಲ್ಲಿಯಲ್ಲಿ ನೀರು ಬಿಡುವುದಿಲ್ಲ.'
'ನಾಳೆ ಕೊನೆಯ ದಿನ, ಕಂದಾಯ ಕಟ್ಟಿ, ದಂಡ ತಪ್ಪಿಸಿಕೊಳ್ಳಿ.'
'ನಾಳೆ ಹನ್ನೊಂದು ಗಂಟೆಗೆ ಉಚಿತ ಕಣ್ಣಿನ ತಪಾಸಣೆ.'
ಯಾವ ನಾಳೆ?
ನಾನು ಪೆನ್ನು ಹಿಡಿದು ಕೇಳಿದರೆ
ಅವರು ಸ್ಲೇಟಿನಲ್ಲಿ ಇಸವಿ ಬರೆಯುತ್ತಾರೆ,
ಉಗುಳು ಹಚ್ಚಿ ಒರೆಸುತ್ತಾರೆ,
ಮತ್ತೊಂದು ಇಸವಿ ಬರೆಯುತ್ತಾರೆ.
ಆಗಿಹೋದ ನಾಳೆಗಳು ಇಷ್ಟೊಂದು,
ಒಂದಕ್ಕೂ ಮೀಸೆ ನರೆತಿಲ್ಲ.

ಇಪ್ಪತ್ತೊಂಬತ್ತನೆಯದರಲ್ಲಿ ತುಂಡಿಗೆ ತುಂಡು ತಪ್ಪಿ ಅಂಟಿತ್ತು:
'ಪೇಟೆ ಬೀದಿಯ ಜವಳಿ ವರ್ತಕರಾದ
ಶ್ರೀಯುತ ಗುರುಶಾಂತಪ್ಪನವರು
ಇಂದು ಬೆಳಗಿನ ಜಾವ ದೈವಾಧೀನರಾಗಿದ್ದು
ನೀಲಿ ಅಂಗಿ, ಕಾಲಲ್ಲಿ ಚಪ್ಪಲಿ ಇಲ್ಲ,
ಕೇಳಿದರೆ ಹೆಸರು ಹೇಳುತ್ತಾನೆ,
ಕರೆತಂದವರಿಗೆ ಸೂಕ್ತ ಬಹುಮಾನ ಕೊಡಲಾಗುವುದು.'

ಇಲಿಯಾಸ್ ಮೊದಲು ನಕ್ಕ, ಆಮೇಲೆ ನಾನು.
ಷಡಕ್ಷರಿ ನಕ್ಕಿದ್ದು ಕೇಳಿಸಲಿಲ್ಲ.
ಕರ್ಚೀಫು ಏಳುತ್ತಿತ್ತು, ಬೀಳುತ್ತಿತ್ತು,
ಕಣ್ಣಲ್ಲಿ ನೀರು, ಕೂತ ಬೆಂಚು ಅಲುಗುತ್ತಿತ್ತು.
ಇದು ಕೆಟ್ಟಿದೆ, ಅಳಿಸಿಬಿಡ್ಲಾ ಅಂದೆ.
ಸ್ಲೇಟು ತಡಕಿದರು. ಬಳಪ ಮುರಿಯಿತು.
ಉಳಿದ ಚೂರಲ್ಲೇ ಬರೆದರು:
'ಇರಲಿ. ಇದಕ್ಕೆ ನೂರು ಬೇರೆ.'

ಆ ಹುಡುಗ ಸಿಕ್ಕಿದನೇ ಎಂದು ಕೇಳಬೇಕಿತ್ತು.
ಅಷ್ಟರಲ್ಲಿ ಕರೆಂಟು ಹೋಯಿತು.

ಮೊನ್ನೆ ಗುರುವಾರ ಅಂಗಡಿ ಬಾಗಿಲು ತೆಗೆಯುತ್ತಿದ್ದೇನೆ,
ಬಿ.ಎಚ್. ರಸ್ತೆಯ ತಿರುವಿನಲ್ಲಿ ಅದೇ ಗಂಟಲು.
'ನಾಳೆ ಮತ್ತು ನಾಡಿದ್ದು…'
ಇದಕ್ಕೆ ಹೆಸರಿಟ್ಟವಳು ನಾನೇ: 'ನೀರಿಲ್ಲ, ಎರಡು'.
ಕೊನೆಯಲ್ಲೊಂದು ಸಣ್ಣ ಕೆಮ್ಮಿದೆ,
ಕತ್ತರಿಸಲೇ ಅಂದಾಗ ಬೇಡ ಎಂದಿದ್ದರು.
ಯಾವ ವರ್ಷದ ನಾಳೆಯೋ.
ಬೀಗದ ಕೈ ಬಾಗಿಲಲ್ಲೇ ಬಿಟ್ಟು
ಒಳಗೆ ಹೋಗಿ, ನಲ್ಲಿಯ ಕೆಳಗೆ ಬಕೆಟ್ಟು ಇಟ್ಟೆ.